ಅಮ್ಮಾವ್ರ ಗಿಡ

ಫೆಬ್ರವರಿ 3, ಸೋಮವಾರ

ವೈದ್ಯರ ಅಪ್ಪಣೆಯಂತೆ ಇವತ್ತಿನಿಂದ ದಿನಚರಿ. ರಕ್ತದೊತ್ತಡ ಏರಿದೆಯಂತೆ, ಮನಸ್ಸಿನಲ್ಲಿರುವುದನ್ನು ಎದುರಿಗೆ ಸಿಕ್ಕವರ ಮೇಲೆ ಹಾಕುವ ಬದಲು ಕಾಗದದ ಮೇಲೆ ಹಾಕಬೇಕಂತೆ. "ಯಾರೂ ಓದಲ್ಲ, ಧೈರ್ಯವಾಗಿ ಬರೀರಿ," ಅಂದರು. ನಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ನನಗೆ ಮೊದಲಿನಿಂದಲೂ ಇದೆ. ಸಸ್ಯಶಾಸ್ತ್ರದ ಮೇಲೆ ನಾಲ್ಕು ಪುಸ್ತಕ ಬರೆದವನು ನಾನು.

ಮೊದಲು ದಾಖಲೆ ಸರಿಯಾಗಿರಲಿ. ಈ ಊರಿನ ಹರ್ಬೇರಿಯಂ ಕಟ್ಟಿದವನು ನಾನು. ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಸಂಗ್ರಹ ಅಂತ ಹೇಳಿದರೆ ಜನ "ಓಹೋ, ಹುಲ್ಲಿನ ಬಣವೆ" ಅನ್ನುತ್ತಾರೆ. ಅವರಿಗೆ ತಿಳಿಹೇಳುವುದನ್ನು ಬಿಟ್ಟಿದ್ದೇನೆ. ಕಬ್ಬಿಣದ ಬೀರುಗಳ ಸಾಲು, ಬೀರುಗಳೊಳಗೆ ದಪ್ಪ ಹಾಳೆಗಳು, ಹಾಳೆಗೊಂದು ಗಿಡ, ಮೂಲೆಯಲ್ಲಿ ಅದರ ಹೆಸರು, ಸಿಕ್ಕ ಜಾಗ, ಕಿತ್ತವರು ಯಾರು ಎಂಬ ಚೀಟಿ. ಇದೆಲ್ಲ ಶುರುವಾದದ್ದು ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ. ಆಗ ಗಿಡ ಒತ್ತುವ ಯಂತ್ರ ಇರಲಿಲ್ಲ. ಹೊಸದಾಗಿ ಮದುವೆಯಾಗಿತ್ತು, ಹಾಸಿಗೆ ಇತ್ತು. ಹಳೇ ಪತ್ರಿಕೆಗಳ ನಡುವೆ ಗಿಡ ಇಟ್ಟು ಹಾಸಿಗೆಯ ಕೆಳಗೆ ಹಾಸುತ್ತಿದ್ದೆ. ಮಗ್ಗುಲು ಬದಲಿಸಿದರೆ ಪರಪರ ಸದ್ದು. ಇವಳು ಆ ಸದ್ದಿನ ಮೇಲೆಯೇ ಸಂಸಾರ ಶುರು ಮಾಡಿದಳು.

ನಿವೃತ್ತನಾಗಿ ವರ್ಷಗಳಾದರೂ ದಿನಾ ಹೋಗುತ್ತೇನೆ. ಕಿಟಕಿ ಪಕ್ಕದ ಮೇಜು ಈಗಲೂ ನನ್ನದೇ. ನಾನಿಲ್ಲದಿದ್ದರೆ ಅವರಿಗೆ ಕಷ್ಟ. ಹಾಗಂತ ಅವರೇನೂ ಹೇಳಿಲ್ಲ, ಸಂಕೋಚದ ಜನ. ಈಗಿನ ಮುಖ್ಯಸ್ಥೆ ನನ್ನ ಮಗಳು. ಕಚೇರಿಯಲ್ಲಿ ನನ್ನನ್ನು 'ಸರ್' ಅನ್ನುತ್ತಾಳೆ, ಮನೆಗೆ ಬಂದರೆ 'ಅಪ್ಪ'. ಜಗಳ ಎರಡೂ ಕಡೆ ಒಂದೇ.

ಈ ವರ್ಷ ಹರ್ಬೇರಿಯಂಗೆ ಸುವರ್ಣ ಮಹೋತ್ಸವ. ದೊಡ್ಡ ಗ್ರಂಥ ಬರಲಿದೆ, ಅದರ ಮುಖಪುಟದ ಮೇಲೆ ನನ್ನ ಗಿಡ. ನನ್ನ ಗಿಡ ಅಂದರೆ ನಾನು ಕಂಡುಹಿಡಿದು ಜಗತ್ತಿಗೆ ಪರಿಚಯಿಸಿದ ಒಂದೇ ಒಂದು ಹೊಸ ಪ್ರಭೇದ. ಅದಕ್ಕೆ ಇವಳ ಹೆಸರನ್ನೇ ಇಟ್ಟೆ. ಶಾಸ್ತ್ರೀಯ ನಾಮ ಯಾರ ನಾಲಿಗೆಯ ಮೇಲೂ ಹೊರಳುವುದಿಲ್ಲವಾದ್ದರಿಂದ ಕಚೇರಿಯಲ್ಲಿ ಎಲ್ಲರೂ 'ಅಮ್ಮಾವ್ರ ಗಿಡ' ಅನ್ನುತ್ತಾರೆ. ನಮ್ಮ ಲಾಂಛನ ಅದೇ. ಗೇಟಿನ ಮೇಲೆ ಅದೇ, ಲಕೋಟೆಯ ಮೇಲೆ ಅದೇ. ಪೊದೆಯ ಎಲೆ, ಬಳ್ಳಿಯ ಹೂ! ಎರಡು ಕುಲಗಳ ನಡುವಿನ ಸೇತುವೆ ಎಂದು ಆಗಲೇ ಬರೆದಿದ್ದೆ. ಸಿಕ್ಕಿದ್ದು ಒಂದೇ ಸಲ, ಇರುವುದು ಒಂದೇ ಹಾಳೆ. ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಅಷ್ಟು ವಿರಳ.

ಫೆಬ್ರವರಿ 6, ಗುರುವಾರ

ಮಗಳು ಇವತ್ತು ನನ್ನ ಗಿಡದ ಹಾಳೆ ತೆಗೆಸಿದಳು. ಹೊಸ ಪ್ರಭೇದವನ್ನು ಯಾವ ಹಾಳೆ ನೋಡಿ ವರ್ಣಿಸಿದ್ದೇವೋ ಆ ಹಾಳೆಗೆ ಮಾತ್ರ ಕೆಂಪು ಹೊದಿಕೆ. ಅದನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕು, ಅದರ ಹತ್ತಿರ ಸೀನಬಾರದು, ಬಗ್ಗಿಸಬಾರದು, ಮನೆಗೆ ಒಯ್ಯಬಾರದು. ನಿಯಮಗಳೆಲ್ಲ ನಾನೇ ಮಾಡಿದ್ದು. ಅಟೆಂಡರ್ ಅದನ್ನು ತುಂಬಿದ ಹಾಲಿನ ಪಾತ್ರೆ ಹಿಡಿದವನ ಹಾಗೆ ಹಿಡಿದು ತಂದ. ನೋಡಿ ಸಂತೋಷವಾಯಿತು.

"ಸರ್, ಗ್ರಂಥದಲ್ಲಿ ಈ ಕುಲದ ಅಧ್ಯಾಯ ನನ್ನದು. ಒಂದ್ಸಲ ಕೂಲಂಕಷವಾಗಿ ನೋಡ್ಬಿಡ್ತೀನಿ."

"ನೋಡೋದೇನಿದೆ? ನಾನು ನೋಡಿದ್ದೀನಲ್ಲ."

"ಅದಕ್ಕೇ ಸರ್."

ಈ 'ಅದಕ್ಕೇ' ಎಂಬುದನ್ನು ಸಂಜೆಯವರೆಗೂ ಯೋಚಿಸಿದೆ. ಗೌರವದಿಂದಲೇ ಅಂದಿರಬೇಕು.

ಆಮೇಲೆ ಮತ್ತೆ ಬಂದು, "ಇಷ್ಟು ವರ್ಷದಲ್ಲಿ ಇನ್ನೊಂದು ಗಿಡ ಸಿಗ್ಲಿಲ್ವಲ್ಲ ಸರ್, ವಿಚಿತ್ರ ಅನ್ಸಲ್ವಾ?" ಅಂದಳು. "ವಿರಳವಾದದ್ದು ಸಿಗಲ್ಲಮ್ಮ, ಸಿಕ್ಕಿದ್ರೆ ವಿರಳ ಹೇಗಾಗುತ್ತೆ?" ಅಂದೆ. ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ಅವಳು ಅದನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಹೋದಳು.

ಫೆಬ್ರವರಿ 9, ಭಾನುವಾರ

ಆ ಗಿಡವನ್ನು ಮತ್ತೆ ಹುಡುಕಲು ನಾನು ಪಟ್ಟ ಪಾಡು ಎಲ್ಲೂ ದಾಖಲಾಗಿಲ್ಲ. ಇಲ್ಲಾದರೂ ಇರಲಿ. ರಜೆ ಬಂದ ಕೂಡಲೇ ಬೆಟ್ಟ. ಬಸ್ಸಿನ ಕೊನೇ ನಿಲ್ದಾಣಕ್ಕೆ ಹೋಗಿ ಇಳಿಯುವುದು, ಅಲ್ಲಿಂದ ನಡಿಗೆ. ಇವಳನ್ನೂ ಕರೆದುಕೊಂಡು ಹೋಗುತ್ತಿದ್ದೆ; ಬುತ್ತಿ ಕಟ್ಟಲು, ಚೀಲ ಹಿಡಿಯಲು ಒಬ್ಬರು ಬೇಕಲ್ಲ. ಮಗಳು ಕೈಕೂಸಾಗಿದ್ದಾಗ ಇವಳ ಸೊಂಟದ ಮೇಲೆ ಅವಳೂ ಬಂದಿದ್ದಾಳೆ. ನಾನು ಮುಂದೆ, ನೆಲ ನೋಡುತ್ತಾ. ಇವಳು ಹಿಂದೆ, ಏನು ನೋಡುತ್ತಿದ್ದಳೋ ಗೊತ್ತಿಲ್ಲ, ನಗುನಗುತ್ತಾ ಬರುತ್ತಿದ್ದಳು. ಇಡೀ ದಿನ ಅಲೆದು ಬರಿಗೈಯಲ್ಲಿ ಕೂತು ನನಗೆ ಅಳುವೇ ಬರುವಂತಾದಾಗ ಇವಳು ಬಂಡೆಯ ಮೇಲೆ ಕಾಲು ಇಳಿಬಿಟ್ಟು ಏನೋ ಗುನುಗುತ್ತಿದ್ದಳು. ವಿಜ್ಞಾನದ ಗಾಂಭೀರ್ಯ ಎಲ್ಲರಿಗೂ ಬರುವುದಿಲ್ಲ.

ಮಂಡಿನೋವು ಶುರುವಾದ ಮೇಲೆ ಅದೂ ನಿಂತಿತು. ನೋವು ನನ್ನ ಮಂಡಿಯದು. ಇವಳದು ಕಬ್ಬಿಣ.

ಇವತ್ತು ತಟ್ಟೆ ಇಡುತ್ತಾ ಕೇಳಿದಳು: "ಏನು, ನನ್ನ ಗಿಡಕ್ಕೆ ಪರೀಕ್ಷೆಯಂತೆ? ಪಾಸಾಗುತ್ತೋ ಇಲ್ವೋ?"

"ಪರೀಕ್ಷೆ ಮಾಡ್ತಿರೋಳು ನಿನ್ನ ಮಗಳು."

"ಹಾಗಾದ್ರೆ ಕಷ್ಟ ಬಿಡಿ. ಅವಳು ಯಾರಿಗೂ ಸುಮ್ಮನೆ ಮಾರ್ಕ್ಸ್ ಕೊಡೋಳಲ್ಲ. ಥೇಟ್ ನಿಮ್ಮ ಹಾಗೆ."

ತನ್ನ ಹೆಸರಿನ ಗಿಡದ ಮೇಲೆ ಇವಳಿಗೆ ಎಳ್ಳಷ್ಟೂ ಅಭಿಮಾನ ಇಲ್ಲ. ನಾನೊಬ್ಬನೇ ಹೊತ್ತುಕೊಂಡು ಓಡಾಡಬೇಕು.

ಫೆಬ್ರವರಿ 13, ಗುರುವಾರ

ಇವತ್ತು ರಕ್ತದೊತ್ತಡ ನೋಡಿಸಿಕೊಳ್ಳಲಿಲ್ಲ. ಯಂತ್ರ ಒಡೆದುಹೋದರೆ ನಾನು ಜವಾಬ್ದಾರನಲ್ಲ.

ಮಗಳು ನನ್ನ ಮೇಜಿಗೆ ಬಂದು ಕೂತಳು. ಕುರ್ಚಿ ಎಳೆದುಕೊಂಡು ಕೂತಳು ಅಂದರೆ ಸುದ್ದಿ ಕೆಟ್ಟದ್ದೇ.

"ಸರ್, ಈ ಎಲೆ ನೋಡಿ. ಇದು ರಸ್ತೆಬದಿ ಪೊದೆಯದು. ಹೂ ನೋಡಿ. ಬೇಲಿ ಮೇಲೆ ಹಬ್ಬುತ್ತಲ್ಲ, ಆ ಬಳ್ಳೀದು. ಎರಡೂ ಎಲ್ಲೆಲ್ಲೂ ಇವೆ. ಬಸ್‌ ಸ್ಟಾಪ್ ಹತ್ರಾನೂ ಇವೆ."

"ಅದಕ್ಕೇ ತಾನೆ ಸೇತುವೆ ಅಂದಿದ್ದು ನಾನು!"

"ಸೇತುವೆ ಕಾಣ್ತಿಲ್ಲ ಸರ್. ಎರಡು ದಡ ಕಾಣ್ತಿದೆ."

"ಈ ಹಾಳೆ ಹುಟ್ಟಿದಾಗ ನೀನಿನ್ನೂ ಹುಟ್ಟಿರ್ಲಿಲ್ಲ!" ಎಂದು ಕೂಗಿದೆ. ಅಟೆಂಡರ್ ಬೀರುವಿನ ಹಿಂದೆ ಸರಿದ. ಅವಳು ಮಾತ್ರ ಅಲುಗಾಡಲಿಲ್ಲ. "ಹೌದು ಸರ್. ಹೂವಿನ ತೊಟ್ಟು ಕೊಂಬೆಗೆ ಸೇರೋ ಜಾಗ ಒಂದೇ ನನಗೆ ಅನುಮಾನ. ಪರೀಕ್ಷೆ ಮಾಡೋಕೆ ನಿಮ್ಮ ಅನುಮತಿ ಬೇಕು," ಅಂದಳು.

ಕೆಂಪು ಹೊದಿಕೆಯ ಹಾಳೆಯ ಮೇಲೆ ಉಪಕರಣ ಆಡಿಸಬೇಕಾದರೆ ಅದನ್ನು ವರ್ಣಿಸಿದವನ ಒಪ್ಪಿಗೆ ಬೇಕು, ಅವನು ಬದುಕಿದ್ದರೆ. 'ಬದುಕಿದ್ದರೆ' ಎಂದು ಸೇರಿಸಿದ್ದೂ ನಾನೇ. ಒಪ್ಪಿಗೆ ಕೊಡಲಿಲ್ಲ. ಬದುಕಿದ್ದೇನೆ.

ಹೆಸರು ಬಿದ್ದರೆ ಏನೇನು ಬೀಳುತ್ತದೆ ಎಂದು ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಮುಖಪುಟ, ಲಾಂಛನ, ಆ ಗಿಡವನ್ನು ಉಳಿಸಿ ಎಂದು ನಾನು ಊರೂರು ಸುತ್ತಿ ಮಾಡಿದ ಭಾಷಣಗಳು. ಉಳಿಯುವುದು ಕಿಟಕಿ ಪಕ್ಕದ ಮೇಜು. ಅದೂ ಮಗಳ ದಯೆ.

ಫೆಬ್ರವರಿ 14, ಶುಕ್ರವಾರ

ಮಗಳ ಜೊತೆ ಮಾತಿಲ್ಲ. ಅವಳೂ ಆಡಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆ.

ಫೆಬ್ರವರಿ 18, ಮಂಗಳವಾರ

ನಾಲ್ಕು ದಿನದಿಂದ ಮಗಳಿಗೆ ಉತ್ತರ ಸಿದ್ಧಪಡಿಸುತ್ತಿದ್ದೆ. ಚೆನ್ನಾಗಿಯೇ ಬರುತ್ತಿತ್ತು. ಆ ದಿನ ಗುಡ್ಡದ ಮೇಲೆ ಕೊಂಬೆ ಕಿತ್ತಾಗ ಅದರಲ್ಲಿ ಹೂ ನೋಡಿದ ನೆನಪು ನನಗಿಲ್ಲ, ನಿಜ. ವಿವರಣೆ ಸರಳ: ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವಸರದಲ್ಲಿ ಗಮನಿಸಿರಲಿಕ್ಕಿಲ್ಲ. ಗಿಡ ಒಣಗಿ, ಹಾಳೆಗೆ ಏರಿ ನನ್ನ ಕೈಗೆ ಬಂದಾಗ ಹೂಗಳು ಎದ್ದು ಕಾಣುತ್ತಿದ್ದವು. ಎಲೆಯ ಕಂಕುಳಿಗೆ ಒಂದೊಂದು, ಯಾರೋ ಕೂರಿಸಿಟ್ಟ ಹಾಗೆ. 'ಇಂಥ ಅಚ್ಚುಕಟ್ಟು ಪ್ರಕೃತಿಗೆ ಮಾತ್ರ ಸಾಧ್ಯ' ಎಂದು ನನ್ನ ಪ್ರಬಂಧದಲ್ಲೇ ಬರೆದಿದ್ದೇನೆ. ಆ ಸಾಲನ್ನು ಈಗ ಮತ್ತೆ ನಕಲು ಮಾಡುತ್ತಿದ್ದೆ.

ಇವಳು ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದಳು. "ಏನದು, ಬೆಳಿಗ್ಗೆಯಿಂದ ಗೀಚ್ತಾನೇ ಇದ್ದೀರಲ್ಲ?" ಅಂದಳು. ಹೇಳಿದೆ. ಮಗಳಿಗೆ ಹೂವಿನ ಮೇಲೆ ಅನುಮಾನ, ಹೂ ಆ ಕೊಂಬೆಯದಲ್ಲವಂತೆ ಎಂದು.

"ಯಾವುದು, ಆ ಬೋಳು ಕೊಂಬೇನಾ?"

"ಬೋಳು ಹೇಗಾಗುತ್ತೆ? ಹೂ ಇದೆಯಲ್ಲ."

"ಈಗ ಇದೆ. ಮೊದ್ಲು ಬೋಳಾಗಿತ್ತು. ಪಾಪ, ನೋಡೋಕೇ ಆಗ್ತಿರ್ಲಿಲ್ಲ. ನೀವು ಹಾಳೆಗೆ ಹೊಲಿದಿಡು ಅಂತ ಕೊಟ್ಟು ಹೋಗಿದ್ರಿ, ಹೊಲ್ದೆ. ಪೇಪರ್ ಮಡಿಕೇಲಿ ನಾಲ್ಕು ಹೂ ಉದುರಿ ಬಿದ್ದಿದ್ವು, ಬೇರೆ ಯಾವುದರದ್ದೋ ಏನೋ. ಎಸೆಯೋಕೆ ಮನಸ್ಸು ಬರ್ಲಿಲ್ಲ. ಡಬ್ಬಕ್ಕೆ ಚೀಟಿ ಅಂಟಿಸ್ಬೇಕು ಅಂತ ಆಗ ತಾನೆ ಅಂಟು ಕಾಯಿಸಿದ್ದೆ. ಒಂದೊಂದು ಎಲೆ ಹತ್ರ ಒಂದೊಂದು ಕೂರಿಸ್ದೆ. ಎಷ್ಟು ಚೆಂದ ಕಾಣ್ತು ಅಂತೀರಿ! ಹೊಸದಾಗಿ ಮದುವೆ ಆಗಿತ್ತು ನೋಡಿ, ನಿಮಗೆ ಖುಷಿಯಾಗ್ಲಿ ಅಂತ."

ಒಂದು ಬಟಾಣಿ ಉರುಳಿಕೊಂಡು ನನ್ನ ಕಾಲಿನ ಹತ್ತಿರ ಬಂತು. ಬಗ್ಗಿ ಎತ್ತಿಕೊಟ್ಟೆ.

"ಖುಷಿ ಆಗಿತ್ತಲ್ಲ?" ಅಂದಳು.

"ತುಂಬಾ," ಅಂದೆ.

ಫೆಬ್ರವರಿ 19, ಬುಧವಾರ

ಕಚೇರಿಗೆ ಹೋಗಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಹೇಳಿಕಳಿಸಿದೆ. ಆರೋಗ್ಯಕ್ಕೇನೂ ಆಗಿಲ್ಲ. ಗೇಟಿನ ಮೇಲೆ ಆ ಚಿತ್ರ ಇದೆ.

ಫೆಬ್ರವರಿ 20, ಗುರುವಾರ

ನಿನ್ನೆ ಇಡೀ ದಿನ ಅಳು ಬಂತು, ಸಿಟ್ಟು ಬಂತು, ಒಂದು ಸಲ ನಗುವೂ ಬಂತು. ಬಚ್ಚಲಿಗೆ ಹೋಗಿ ನಕ್ಕು ಬಂದೆ. ನಾಲ್ಕು ಹೂ. ಅದರ ಮೇಲೆ ಒಂದು ಪ್ರಭೇದ, ಪ್ರಭೇದದ ಮೇಲೆ ಒಬ್ಬ ಮನುಷ್ಯನ ಹೆಸರು, ಹೆಸರಿನ ಮೇಲೆ ಒಂದು ಕಟ್ಟಡ. ಎಲ್ಲವೂ ಒಂದು ಲೋಟ ಅಂಟಿನಲ್ಲಿ ನಿಂತಿದೆ.

ಇವತ್ತು ಬುದ್ಧಿ ಚುರುಕಾಯಿತು. ತಪ್ಪು ನನ್ನದಲ್ಲವಲ್ಲ! ಮಹೋತ್ಸವ ಸಮಿತಿಯ ಅಧ್ಯಕ್ಷರಿಗೆ ಒಂದು ಪುಟದ ಸ್ಪಷ್ಟೀಕರಣ ಬರೆದೆ. 'ಸದರಿ ಹಾಳೆಯನ್ನು ಸಿದ್ಧಪಡಿಸುವ ಕೆಲಸವು ಅನುಭವವಿಲ್ಲದ ಸಹಾಯಕಿಯೊಬ್ಬರ ಕೈಯಲ್ಲಿ ನಡೆದಿದ್ದು, ಆಕೆಯ ಅಜ್ಞಾನದ ಫಲವಾಗಿ...' ಚೊಕ್ಕ ವಾಕ್ಯ. ವರ್ಣಿಸಿದವನು ಹಾಳೆಯಲ್ಲಿ ಇದ್ದುದನ್ನು ವರ್ಣಿಸಿದ. ಹಾಳೆಯೇ ಸುಳ್ಳು ಹೇಳಿದರೆ ಅವನೇನು ಮಾಡಿಯಾನು? ಗಿಡ ಹೋದರೂ ಮನುಷ್ಯ ಉಳಿಯುತ್ತಾನೆ. ಎರಡು ಸಲ ಓದಿದೆ, ಒಂದು ಅಲ್ಪವಿರಾಮ ಹಾಕಿದೆ.

ಅಷ್ಟರಲ್ಲಿ ಇವಳು ಸೂಜಿದಾರ ಹಿಡಿದು ಬಂದು ನನ್ನ ಅಂಗಿಯ ಗುಂಡಿ ಹೊಲಿಯತೊಡಗಿದಳು. ಅಂಗಿ ನನ್ನ ಮೈಮೇಲೇ ಇತ್ತು. "ಅಲ್ಲಾಡ್ಬೇಡಿ, ಚುಚ್ಚುತ್ತೆ. ಎಂಥ ಅಧಿಕಾರಿಗೆ ಬರೀತಿದ್ದೀರೋ, ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು." ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದಾಗ ತಲೆ ನನ್ನ ಎದೆಗೆ ತಾಗಿತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಯಾವಾಗ ಆಯಿತೋ, ನಾನು ನೋಡಿರಲಿಲ್ಲ. ಎಲೆಯ ಅಡಿಯ ರೋಮ ನೋಡಿ ಗಿಡದ ಹೆಸರು ಹೇಳುವವನು ನಾನು.

ಸ್ಪಷ್ಟೀಕರಣ ಹರಿದುಹಾಕಿದೆ. ಕಾರಣ ಶುದ್ಧ ಆಡಳಿತದ್ದು. ಇವಳನ್ನು ಸಹಾಯಕಿ ಎನ್ನಬೇಕಾದರೆ ನೇಮಕಾತಿ ಆದೇಶ ಇರಬೇಕು, ಇಲ್ಲ. ಇಲ್ಲದ ಹುದ್ದೆಯ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ನಿಯಮ ಅಂದರೆ ನಿಯಮ.

ಫೆಬ್ರವರಿ 24, ಸೋಮವಾರ

ಒಪ್ಪಿಗೆ ಕೊಟ್ಟೆ. ಮಗಳು ತಕ್ಷಣ, ನಾನೆಲ್ಲಿ ಮನಸ್ಸು ಬದಲಾಯಿಸುತ್ತೇನೋ ಎಂದು ಚಿಮಟ ಎತ್ತಿಕೊಂಡಳು. ಸೂಕ್ಷ್ಮದರ್ಶಕದ ಕೆಳಗೆ ಹಾಳೆ ಇಟ್ಟು, ಹೂ ಕೊಂಬೆಗೆ ಸೇರುವ ಜಾಗಕ್ಕೆ ಅಯೋಡಿನ್ ಒಂದು ಹನಿ ಬಿಟ್ಟಳು. ಹಿಟ್ಟು ಇದ್ದರೆ ನೀಲಿಯಾಗುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತು. ನೀಲಿಯಾಯಿತು. ಒಳ್ಳೇ ಕಡು ನೀಲಿ.

"ಇದು ಮೈದಾ ಅಂಟು ಸರ್. ಹೂವಿಗೂ ಕೊಂಬೆಗೂ ನಡುವೆ ಅಂಟು ಇರೋಕೆ ಕಾರಣವೇ ಇಲ್ಲ. ಯಾರೋ ಅಂಟಿಸಿದ್ದಾರೆ."

"ಯಾರೋ ಅಲ್ಲ. ನಾನೇ."

"ನೀವಾ?"

"ನಾನೇ. ಹೂ ಉದುರಿತ್ತು. ಅದೇ ಕೊಂಬೆಯದು ಅಂದ್ಕೊಂಡು ಅಂಟಿಸ್ಬಿಟ್ಟೆ."

"ಅಂಟು ಯಾರು ಮಾಡಿದ್ದು?"

"ಅದೂ ನಾನೇ. ಹಿಟ್ಟು ಕಲಸಿ, ಒಲೆ ಮೇಲಿಟ್ಟು, ಕುದಿಸಿ."

ಮಗಳು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡಳು. "ಗಂಟು ಕಟ್ಟದ ಹಾಗೆ?"

"ಗಂಟು ಕಟ್ಟದ ಹಾಗೆ."

"ತುಂಬಾ ಚೆನ್ನಾಗಿ ಬಂದಿದೆ ಸರ್. ಇಷ್ಟು ವರ್ಷ ಹಿಡ್ಕೊಂಡಿದೆ."

ಅವಳು ಹುಟ್ಟಿದಾಗಿನಿಂದ ನಾನು ಒಲೆ ಹಚ್ಚಿದ್ದನ್ನು ಕಂಡಿಲ್ಲ. ಆದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳದೆ ನಂಬಿದಳು. ವಿಜ್ಞಾನಿಗಳದು ಸರಳ ಮನಸ್ಸು. ಸಂಜೆ ಹೋಗುವಾಗ ನನ್ನ ಮೇಜಿನ ಮೇಲೆ ಚಹಾ ಇಟ್ಟು ಹೋದಳು, ಸಕ್ಕರೆ ಸರಿಯಾಗಿತ್ತು.

ಮಾರ್ಚ್ 1, ಶನಿವಾರ

ಸಮಿತಿಯ ಸಭೆ. ಮುಖಪುಟದ ವಿಷಯ ಇದೆ ಎಂದು ಅಧ್ಯಕ್ಷರು ಇವಳನ್ನೂ ಕರೆಸಿದ್ದರು, ಗಿಡದ ಒಡತಿ ಅಂತ. ಇದು ನನಗೆ ಗೊತ್ತಿರಲಿಲ್ಲ. ಒಳಗೆ ಹೋದರೆ ಮೊದಲ ಸಾಲಿನಲ್ಲಿ ಇಸ್ತ್ರಿ ಸೀರೆ ಉಟ್ಟು ಕೂತಿದ್ದಾಳೆ! ದೂರದ ಮೂಲೆಯ ಕುರ್ಚಿ ಹಿಡಿದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಎದ್ದು ನಿಂತು ಹೇಳಿದೆ. ಈ ಪ್ರಭೇದ ಇಲ್ಲ. ಕೊಂಬೆ ಒಂದರದು, ಹೂ ಇನ್ನೊಂದರದು. ಹಿಟ್ಟು ಕುದಿಸಿ ಉದುರಿದ ಹೂಗಳನ್ನು ನನ್ನ ಕೈಯಾರೆ ಅಂಟಿಸಿದವನು ನಾನು, ಅಂಟಿಸಿದ್ದನ್ನು ಮರೆತು ವರ್ಣಿಸಿದವನೂ ನಾನು. ಇಲ್ಲದ ಗಿಡವನ್ನು ಉಳಿಸಿ ಎಂದು ನಿಮ್ಮೆಲ್ಲರ ಮುಂದೆ ಭಾಷಣ ಮಾಡಿದವನೂ ನಾನೇ. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ ಎಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲೂ ಆಗುತ್ತದೆ. ಇವಳ ಕಡೆ ನೋಡಲಿಲ್ಲ.

ಅಧ್ಯಕ್ಷರು ತುಂಬಾ ಹೊತ್ತು ಮೇಜಿನ ಮೇಲೆ ಬೆರಳು ಬಡಿದರು. ಕೊನೆಗೆ, "ಗಿಡ ಇಲ್ಲದಿದ್ರೇನಾಯ್ತು, ಚಿತ್ರ ಚೆನ್ನಾಗಿದೆಯಲ್ಲ? ಗೇಟಿಗೆ ಬೇರೆ ಮೊನ್ನೆ ತಾನೇ ಬಣ್ಣ ಹೊಡೆಸಿದ್ದೀವಿ. ಲಾಂಛನ ಇರ್ಲಿ," ಅಂದರು. ಎಲ್ಲರೂ ಒಪ್ಪಿದರು. ಮುಖಪುಟಕ್ಕೆ ಬೇರೆ ಗಿಡ. ಬದುಕಿರುವ ಯಾವುದಾದರೂ ಒಂದು.

ಆಮೇಲಿನ ಕೆಲಸ ನನ್ನದೇ. ನಮ್ಮಲ್ಲಿ ಹಾಳೆಯ ಮೇಲಿನ ಹಳೇ ಚೀಟಿಯನ್ನು, ಅದೆಷ್ಟು ತಪ್ಪಾಗಿದ್ದರೂ, ಯಾರೂ ಕೀಳುವುದಿಲ್ಲ. ಅದರ ಪಕ್ಕದಲ್ಲಿ ಸರಿಯಾದ ಚೀಟಿ ಅಂಟಿಸುತ್ತೇವೆ. ತಪ್ಪು ಮಾಡಿದವನ ಹೆಸರು, ತಿದ್ದಿದವನ ಹೆಸರು ಎರಡೂ ಅಕ್ಕಪಕ್ಕ ಇರುತ್ತವೆ. ತಿದ್ದುವ ಚೀಟಿ ಬರೆಯಬೇಕಾದವಳು ಮಗಳು. ಪೆನ್ನು ನನ್ನ ಕಡೆ ಚಾಚಿದಳು. ಎರಡೂ ಗಿಡಗಳ ಹೆಸರು ಬರೆದೆ, ನನ್ನ ಸಹಿ ಹಾಕಿದೆ. ಬೆರಕೆಯಾದ ಹಾಳೆ ಸಿಕ್ಕರೆ ಹೂವನ್ನು ಬಿಡಿಸಿ ಬೇರೆ ಹಾಳೆಗೆ ಹಾಕುವುದು ವಾಡಿಕೆ. ಅಟೆಂಡರ್ ಬಿಸಿನೀರು ತಂದೇಬಿಟ್ಟಿದ್ದ. ನಾನು ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಇವನ್ನು ಬೇರ್ಪಡಿಸಬಾರದು.' ಹಾಳೆ ಹಳೆಯದು, ನೀರು ತಾಗಿದರೆ ಕೆಡುತ್ತದೆ, ಅದಕ್ಕೆ.

ಮಗಳು ಆ ಚೀಟಿಯನ್ನು ಎರಡು ಸಲ ಓದಿದಳು. "ಏನು, ತಪ್ಪಾಯ್ತಾ?" ಎಂದೆ.

"ಇಲ್ಲ ಅಪ್ಪ," ಅಂದಳು. ಕಚೇರಿ ಎಂಬುದನ್ನು ಮರೆತಿದ್ದಳು. ಎಚ್ಚರಿಸಲಿಲ್ಲ.

ಇವಳೂ ನಾನೂ ಮನೆಗೆ ಬಂದೆವು. ಬಾಗಿಲ ಬೀಗ ತೆಗೆದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ತಿರುಗಿದಳು.

"ಹಿಟ್ಟು ಕುದಿಸೋಕೆ ಬರುತ್ತೆ ಅನ್ನೋದನ್ನ ಇಷ್ಟು ವರ್ಷ ಬಚ್ಚಿಟ್ಟಿದ್ರಲ್ಲ, ಎಂಥ ಗಂಡಸು ನೀವು! ನಾಳೆಯಿಂದ ಅಡುಗೆಮನೆಗೆ ಬನ್ನಿ."

ಮಾರ್ಚ್ 2, ಭಾನುವಾರ

ಅಡುಗೆಮನೆಗೆ ಹೋದೆ. ಮೈದಾ, ನೀರು, ಪಾತ್ರೆ ಮುಂದಿಟ್ಟು, ಕೈಕಟ್ಟಿ ನಿಂತಳು. "ಮಾಡಿ, ನೋಡೋಣ." ಮಾಡಿದೆ. ನೆಲ್ಲಿಕಾಯಿ ಗಾತ್ರದ ಗಂಟುಗಳು ಬಂದವು. ಪಾತ್ರೆಯೊಳಗೆ ಇಣುಕಿ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಾನೇ ಹಾಳು ಮಾಡಿದ್ದು ಅಲ್ವಾ? ನಿಮ್ಮ ಗಿಡಾನ."

"ಹಾಳು ಮಾಡಿದ್ದಲ್ಲ ಮಾರಾಯ್ತಿ. ಆ ಗಿಡ ಮಾಡಿದ್ದೇ ನೀನು. ನಾನು ಬರೀ ಹೆಸರಿಟ್ಟೆ."

"ಹಾಗಾದ್ರೆ ಅಲ್ಲಿ ಎಲ್ರ ಮುಂದೆ ಹೇಳ್ಬಹುದಿತ್ತಲ್ಲ? ಇವಳೇ ಅಂತ ತೋರಿಸ್ಬಹುದಿತ್ತಲ್ಲ?"

ನೇಮಕಾತಿ ಆದೇಶದ ವಿಷಯ ಹೇಳಲು ಹೊರಟೆ. ಬದಲಿಗೆ ಸೌಟಿನಿಂದ ಒಂದು ಗಂಟು ಒಡೆದೆ. ಅದು ಎರಡಾಯಿತು.

ಅವಳು ಪಾತ್ರೆ ಕಸಿದುಕೊಂಡು ತಾನೇ ತಿರುವತೊಡಗಿದಳು. ಬೆನ್ನು ನನ್ನ ಕಡೆ ಇತ್ತು. "ಒಂದು ಮಾತು ಹೇಳ್ಲಾ? ಅದು ಸಿಗದೇ ಇದ್ದದ್ದೇ ಒಳ್ಳೇದಾಯ್ತು. ಪ್ರತಿ ಸಲ ಬೆಟ್ಟದ ಮೇಲೆ ನೀವು ಬಗ್ಗಿ ನೋಡೋವಾಗ ನನ್ನ ಎದೆ ಡವಡವ ಅಂತಿತ್ತು. ಎಲ್ಲಿ ಸಿಕ್ಕಿಬಿಡುತ್ತೋ ಅಂತ. ಸಿಕ್ಕಿದ್ದಿದ್ರೆ ಆಮೇಲೆ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ ನೀವು?"

ಒಲೆಯ ಉರಿ ಸಣ್ಣ ಮಾಡಿದೆ. ಅಂಟು ಗಂಟಿಲ್ಲದೆ ಬಂತು.

ಮಾರ್ಚ್ 9, ಭಾನುವಾರ

ಒಂದು ಪ್ರಭೇದ ಇಲ್ಲವೆಂದು ಘೋಷಿಸಿದ ಮೇಲೆ ಅದು ನಿಜವಾಗಿಯೂ ಇಲ್ಲವೇ ಎಂದು ಇನ್ನೊಮ್ಮೆ ಹುಡುಕಿ ನೋಡುವುದು ವಿಜ್ಞಾನಿಯ ಕರ್ತವ್ಯ. ಹಾಗೆಂದು ಇವಳಿಗೆ ವಿವರಿಸಿದೆ. ವಿವರಣೆ ಮುಗಿಯುವಷ್ಟರಲ್ಲಿ ಬುತ್ತಿ ಕಟ್ಟಿ ಮುಗಿಸಿದ್ದಳು. ಮಂಡಿಗೆ ಪಟ್ಟಿ ಸುತ್ತಿಕೊಂಡೆ. ಈ ಸಲ ಚೀಲ ನಾನು ಹಿಡಿದೆ. ಕೈ ಖಾಲಿಯಿದ್ದರೆ ನನಗೆ ನಡೆಯಲು ತೊಂದರೆ.

ಬಸ್ ಸ್ಟಾಪಿನ ಹತ್ತಿರ ಬೇಲಿಯ ಪಕ್ಕ ಒಂದು ಪೊದೆ ಇದೆ, ಮಗಳು ಹೇಳಿದ್ದು ಅದೇ. ದಿನಾ ಅದರ ಮುಂದೆಯೇ ಹಾದುಹೋಗುತ್ತೇನೆ. ಇವತ್ತು ನಿಂತೆ. ಬೇಲಿಯ ಮೇಲಿದ್ದ ಬಳ್ಳಿ ಪೊದೆಯ ಮೇಲೂ ಹಬ್ಬಿ, ಅದರ ಕೊಂಬೆಗಳಲ್ಲಿ ಸಿಕ್ಕಿಹಾಕಿಕೊಂಡು ಹೂ ಬಿಟ್ಟಿತ್ತು. ಎಲೆಗೊಂದು ಹೂ. ಹಾಳೆಯಲ್ಲಿ ಇದ್ದ ಹಾಗೆ, ಗೇಟಿನ ಮೇಲೆ ಇದ್ದ ಹಾಗೆ. ಕೈ ತಾನಾಗಿಯೇ ಜೇಬಿನಲ್ಲಿದ್ದ ಭೂತಗನ್ನಡಿಗೆ ಹೋಯಿತು. ಬಗ್ಗಿದೆ.

ಇವಳು ಹಿಂದಿನಿಂದ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಅವಳೂ ನೋಡಿದ್ದಳು, ನನಗಿಂತ ಮೊದಲೇ.

"ಅದು ಸಿಕ್ಕಿಲ್ಲ," ಅಂದಳು. "ನಡೀರಿ, ಬಸ್ ಬಂತು."

ಭೂತಗನ್ನಡಿ ಒಳಗಿಟ್ಟೆ. ಕೊನೇ ನಿಲ್ದಾಣದಲ್ಲಿ ಇಳಿದೆವು. ಸಂಜೆಯವರೆಗೂ ಬೆಟ್ಟದಲ್ಲಿ ಹುಡುಕಿದೆವು. ಗಿಡ ಸಿಗಲಿಲ್ಲ.